ಏರ್‌ಬ್ರಷ್ಷನ್ನೂ ಕಂಪ್ರೆಸರನ್ನೂ ಆರಿಸಿಕೊಳ್ಳುವ ಬಗೆ

ಸೂಕ್ಷ್ಮ ಚಿತ್ರಕಲೆಯಲ್ಲಿಯೂ ಸಣ್ಣ ಮಾದರಿಗಳಿಗೆ ಬಣ್ಣ ಹಾಕುವುದರಲ್ಲಿಯೂ ಆಸಕ್ತಿಯುಳ್ಳ ಹೆಣ್ಣುಮಕ್ಕಳಿಗೆ ಏರ್‌ಬ್ರಷ್ ಕೊಡಿಸಬೇಕೆಂದಿರುವ ತಂದೆತಾಯಿಗಳು ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡತಕ್ಕದ್ದು. ಉಪಕರಣವು ಸರಿಯಿಲ್ಲದಿದ್ದರೆ ಬಣ್ಣವು ಸಿಡಿಯುವುದು, ಗೆರೆಯು ಕೆಡುವುದು. ಹುಡುಗಿಯಾದರೋ ಆ ದೋಷವನ್ನು ತನ್ನ ಕೈಯದೆಂದೇ ಎಣಿಸಿ ಕಲೆಯನ್ನು ಬಿಟ್ಟುಬಿಡುವಳು. ಆದಕಾರಣ ವಿಚಾರಮಾಡಿ ಕೊಳ್ಳುವುದು ಉಚಿತ.

ಈ ಉಪಕರಣವು ಹೊಸದಲ್ಲ. ಅಮೆರಿಕದ ಆಬ್ನರ್ ಪೀಲರ್ ಎಂಬವನು ೧೮೭೯ರಲ್ಲಿಯೇ ಗಾಳಿಯಿಂದ ಬಣ್ಣ ಹರಡುವ ಸಾಧನವೊಂದನ್ನು ರಚಿಸಿದನು. ಮುಂದೆ ಬಹುಕಾಲ ಛಾಯಾಚಿತ್ರಗಳನ್ನು ತಿದ್ದುವವರು ಇಂಥ ಸಾಧನಗಳನ್ನು ಬಳಸಿದರು. ವೇಗವಾಗಿ ನುಗ್ಗುವ ಗಾಳಿಯು ಸೂಜಿಯ ತುದಿಯ ಬಣ್ಣವನ್ನು ಸೆಳೆದು ಮಂಜಿನಂತೆ ಒಡೆಯುವುದೇ ಇದರ ತತ್ವ.

ಏರ್‌ಬ್ರಷ್: ಇದರಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ಗುಂಡಿಯನ್ನು ಒತ್ತಿದೊಡನೆ ಗಾಳಿಯೂ ಬಣ್ಣವೂ ಕೂಡಿಯೇ ಬರುವುವು. ಇನ್ನೊಂದರಲ್ಲಿ ಗುಂಡಿಯನ್ನು ಕೆಳಕ್ಕೊತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಎರಡನೆಯದನ್ನು ಕಲಿಯಲು ಹೆಚ್ಚು ಅಭ್ಯಾಸ ಬೇಕು. ಆದರೆ ಎಳೆಯುತ್ತಿರುವಾಗಲೇ ಗೆರೆಯನ್ನು ದಪ್ಪ ತೆಳು ಮಾಡಬಹುದಾದ್ದರಿಂದ ಸೂಕ್ಷ್ಮ ಕೆಲಸಕ್ಕೆ ಅದೇ ಯೋಗ್ಯ. ಬಣ್ಣದ ಬಟ್ಟಲು ಮೇಲಿರುವುದನ್ನು ಆರಿಸಿರಿ. ಬಣ್ಣವು ತನ್ನ ಭಾರದಿಂದಲೇ ಇಳಿಯುವುದರಿಂದ ಕೆಲವೇ ಹನಿಗಳೂ ಕಡಿಮೆ ಒತ್ತಡವೂ ಸಾಕಾಗುವುವು. ಮೂತಿಯ ರಂಧ್ರವು ೦.೩ ಮಿಲಿಮೀಟರ್ ಇದ್ದರೆ ಕಲಿಯುವವಳಿಗೆ ಲೇಸು. ೦.೨ರದು ಅತಿ ಸೂಕ್ಷ್ಮವಾದರೂ ಬೇಗನೆ ಕಟ್ಟಿಕೊಳ್ಳುವುದು, ೦.೫ರದು ಅಗಲವಾದ ಮೈಗೆ ಒಪ್ಪುವುದು.

ಕಂಪ್ರೆಸರ್: ಅನೇಕರು ಏರ್‌ಬ್ರಷ್ಷಿಗೆ ಹೆಚ್ಚು ಹಣ ಸುರಿದು ಇದರಲ್ಲಿ ಉಳಿಸಲು ನೋಡುತ್ತಾರೆ. ಇದು ಸರಿಯಲ್ಲ. ಟ್ಯಾಂಕಿಲ್ಲದ ಯಂತ್ರದಲ್ಲಿ ಪಿಸ್ಟನ್ನಿನ ಬಡಿತಕ್ಕೆ ತಕ್ಕಂತೆ ಗಾಳಿಯೂ ಮಿಡಿಯಬಹುದು; ಆಗ ಎಷ್ಟು ನುರಿತ ಕೈಯಾದರೂ ಗೆರೆಯು ಸಮನಾಗಿ ಬಾರದು. ಸುಮಾರು ೩ ಲೀಟರಿನ ಟ್ಯಾಂಕು ಆ ಮಿಡಿತವನ್ನು ಅಡಗಿಸುವುದು. ಅದು ತುಂಬಿದ ಮೇಲೆ ತಾನಾಗಿ ನಿಲ್ಲುವ ಯಂತ್ರವಾದರೆ ಸದ್ದೂ ಕಡಿಮೆ. ಒತ್ತಡವನ್ನು ಹೊಂದಿಸುವ ರೆಗ್ಯುಲೇಟರ್, ನೀರನ್ನು ತಡೆಯುವ ಸೋಸುಕ, ಇವೆರಡೂ ಇರಲೇಬೇಕು. ಅದುಮಿದ ಗಾಳಿಯು ತಣಿದಾಗ ಅದರೊಳಗಿನ ತೇವವು ನೀರಾಗಿ ನಿಲ್ಲುವುದು. ಮಳೆಗಾಲದಲ್ಲಿ ಇದು ಹೆಚ್ಚು. ಆ ನೀರಿನ ಒಂದು ಹನಿ ಚಿತ್ರವನ್ನೆಲ್ಲಾ ಕೆಡಿಸೀತು.

ಪ್ರಯೋಗ: ಬಣ್ಣವನ್ನು ಹಾಲಿನಷ್ಟು ತೆಳುವಾಗಿ ಕದಡಿ, ಒತ್ತಡವನ್ನು ಚದರ ಅಂಗುಲಕ್ಕೆ ೧೫ರಿಂದ ೨೦ ಪೌಂಡಿನಲ್ಲಿಟ್ಟು ಆರಂಭಿಸಿರಿ. ಮೊದಲು ಹಾಳೆಯ ಮೇಲೆ ಚುಕ್ಕೆಗಳನ್ನೂ ಗೆರೆಗಳನ್ನೂ ಅಭ್ಯಾಸಮಾಡಿದ ಬಳಿಕವೇ ಮಾದರಿಯನ್ನು ಮುಟ್ಟತಕ್ಕದ್ದು. ಪ್ರತಿ ಬಣ್ಣವಾದ ಮೇಲೂ ಬಟ್ಟಲನ್ನೂ ಮೂತಿಯನ್ನೂ ತೊಳೆಯಬೇಕು. ಸೂಜಿಯ ತುದಿಯು ಬಾಗದಂತೆ ಎಚ್ಚರವಿರಲಿ.

ಆರೋಗ್ಯ: ಈ ಮಂಜು ಶ್ವಾಸಕೋಶವನ್ನು ಸೇರುವಂಥದು. ನೀರಿನ ಬಣ್ಣವಾದರೂ ಮುಖಕವಚ ಬೇಕು. ಥಿನ್ನರ್ ಬೆರೆಸಿದ ಬಣ್ಣಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಆವಿಯನ್ನು ಹೀರುವ ಸೋಸುಕಗಳುಳ್ಳ ಕವಚವೂ ಗಾಳಿಯನ್ನು ಹೊರಹಾಕುವ ಫ್ಯಾನೂ ಅಗತ್ಯ. ಬಳಿಯಲ್ಲಿ ಬೆಂಕಿಯಿರಕೂಡದು. ಕ್ಯಾಡ್ಮಿಯಂ ಬೆರೆತ ಬಣ್ಣಗಳನ್ನು ಸಿಂಪಡಿಸಲೇಬಾರದು.

ತಾಯಂದಿರೇ, ಮೊದಲು ಕವಚಕ್ಕೆ ಹಣ ತೆಗೆದಿಡಿರಿ. ಬಳಿಕ ಟ್ಯಾಂಕುಳ್ಳ ಕಂಪ್ರೆಸರಿಗೆ. ಉಳಿದುದರಲ್ಲಿ ಸಾಧಾರಣವಾದರೂ ಬಿಡಿಭಾಗಗಳು ಸುಲಭವಾಗಿ ಸಿಕ್ಕುವ ಏರ್‌ಬ್ರಷ್ ಕೊಳ್ಳಿರಿ. ಮಗಳ ಕೈ ಪಳಗಿದ ಮೇಲೆ ಇನ್ನೂ ಉತ್ತಮವಾದುದನ್ನು ಅವಳೇ ಆರಿಸಿಕೊಳ್ಳಬಲ್ಲಳು.