ಬಸ್ಸು ಕಾಣುವ ಗೋಡೆ

ಕುಂದಾಪುರ ತಾಲೂಕಿನ ನಮ್ಮೂರ ಹಳೆಯ ಬಸ್ ತಂಗುದಾಣವನ್ನು ಎಬ್ಬಿಸಿ ನಿಲ್ಲಿಸಬೇಕೆಂದು ಸಭೆ ಸೇರಿದಾಗ, ಮಾತೆಲ್ಲ ಒಳಗೆ ಏನೇನು ಇಡೋಣ ಎಂಬುದರ ಸುತ್ತಲೇ ತಿರುಗಿತು. ಪುಸ್ತಕದ ಕಪಾಟು, ಕೇರಂ ಬೋರ್ಡು, ಟಿವಿ. ಮಾಡು ಗಟ್ಟಿಯಿದ್ದ ಕಾಲದಲ್ಲೂ ಹೆಂಗಸರು, ಶಾಲೆ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಹೊರಗೇ ಏಕೆ ನಿಲ್ಲುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಕೊನೆಗೆ ಕೇಳಿದಾಗ ಉತ್ತರ ಕೊಟ್ಟವರು ಮೀನು ಮಾರುವ ಹಿರಿಯ ಹೆಂಗಸೊಬ್ಬರು: “ಒಳ್ಗೆ ಕೂಕಂಡ್ರೆ ಬಸ್ ಕಾಂತಿಲ್ಲ ಮಾರಾಯ್ರೆ. ಕೈ ಅಡ್ಡ ಹಾಕೂಕೆ ಹೊರ್ಗೇ ನಿಲ್ಕ್.”

ಮೂರು ಕಡೆ ಮುಚ್ಚಿದ ಮುರಕಲ್ಲಿನ ಗೋಡೆ, ತಿರುವಿನ ಬದಿಯ ರಸ್ತೆ. ಅವರ ಮಾತು ಅಕ್ಷರಶಃ ನಿಜ. ಬಸ್ಸು ಬರುವ ಬದಿಯ ಗೋಡೆಯಲ್ಲಿ, ಕೂತವರ ಕಣ್ಣಿನ ಎತ್ತರಕ್ಕೆ, ಅಗಲವಾದ ಕಿಂಡಿ ತೆರೆಸಿದೆವು. ಮೇಸ್ತ್ರಿ ಮೊದಲು ಪಕ್ಕಾಸುಗಳಿಗೆ ಊರುಗಂಬ ಕೊಟ್ಟರು, ಲಿಂಟಲ್ ಕೂರಿಸಿದರು, ಆಮೇಲಷ್ಟೇ ಕಲ್ಲು ಬಿಡಿಸಿದರು. ಇಡೀ ಕೆಲಸದಲ್ಲಿ ಊರಿಗೆ ಅತಿ ಹೆಚ್ಚು ಉಪಯೋಗವಾದದ್ದು ಇದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಹೆಂಗಸರು ಖಾಸಗಿ ಬಸ್ಸನ್ನು ಬಿಟ್ಟು ಸರ್ಕಾರಿ ಬಸ್ಸಿಗೆ ಕಾಯುತ್ತಾರೆ. ಕಾಯುವ ಹೊತ್ತು ಹೆಚ್ಚಾದಾಗ ಕೂರುವ ಜಾಗದ ಬೆಲೆಯೂ ಹೆಚ್ಚುತ್ತದೆ.

ನೀರಿನದು ಬೇರೆಯೇ ಕಥೆ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಒಳಗೆ ನೀರು ನಿಲ್ಲುವುದಕ್ಕೆ ಮಾಡು ಸೋರುವುದೇ ಕಾರಣ ಎಂದು ಎಲ್ಲರೂ ನಂಬಿದ್ದರು. ಹಂಚು ಬದಲಿಸಿ, ಗೆದ್ದಲು ತಿಂದ ರೀಪುಗಳನ್ನು ತೆಗೆದ ಮೇಲೂ ನೀರು ಬಂತು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ತಂಗುದಾಣದ ನೆಲಕ್ಕಿಂತ ಎತ್ತರವಾಗಿತ್ತು. ಎದುರಿಗೆ ಚರಂಡಿ ಕಡಿದು ಚಪ್ಪಡಿ ಮುಚ್ಚಿದ ಮೇಲೆ ನೆಲ ಒಣಗಿತು. ಹಳೆಯ ತಂಗುದಾಣಕ್ಕೆ ಕೈ ಹಾಕುವವರು ಮಾಡು ನೋಡುವ ಮೊದಲು ಜೋರು ಮಳೆಯಲ್ಲಿ ಒಮ್ಮೆ ಹೋಗಿ ನಿಂತು, ನೀರು ಎಲ್ಲಿಂದ ಬರುತ್ತದೆ ನೋಡಬೇಕು.

ಗೋಡೆಗೆ ಹಿಂದೆ ಯಾರೋ ಬಳಿಸಿದ್ದ ಸಿಮೆಂಟು ಹೊಪ್ಪಳಿಕೆಯಾಗಿ ಎದ್ದಿತ್ತು. ಮುರಕಲ್ಲು ನೀರು ಹೀರುತ್ತದೆ. ಅದು ಆರಿಹೋಗಲು ದಾರಿ ಬೇಕು. ಸಿಮೆಂಟು ಆ ದಾರಿ ಮುಚ್ಚುತ್ತದೆ. ಅದನ್ನು ಕೆರೆದು ಸುಣ್ಣದ ಗಾರೆ ಮಾಡಿಸಿದೆವು. ಒಣಗಲು ದಿನ ಹಿಡಿಯಿತು, ಅವಸರ ಮಾಡಲಿಲ್ಲ.

ಕಾಗದಪತ್ರದ ಕೆಲಸವನ್ನು ಕಡೆಗಣಿಸಬಾರದು. ಜಾಗ ರಸ್ತೆಯಂಚಿನದು, ಕಟ್ಟಡ ಒಂದು ಕುಟುಂಬ ಹಿರಿಯರ ನೆನಪಿಗೆ ಕಟ್ಟಿಸಿಕೊಟ್ಟದ್ದು, ನಿರ್ವಹಣೆ ಪಂಚಾಯ್ತಿಯದು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು, ಆ ಮನೆಗೆ ಹೋಗಿ ಒಪ್ಪಿಗೆ ಕೇಳಿದೆವು, ಅವರ ಶಿಲಾಫಲಕವನ್ನು ತೊಳೆದು ಇದ್ದಲ್ಲೇ ಇಟ್ಟೆವು. ರಸ್ತೆ ಅಗಲೀಕರಣದ ಗುರುತು ಎಲ್ಲಿಗೆ ಬರುತ್ತದೆ ಎಂಬುದನ್ನು ಮಾತ್ರ ಒಂದು ಬುಟ್ಟಿ ಮರಳು ಇಳಿಸುವ ಮೊದಲೇ ವಿಚಾರಿಸಬೇಕು.

ಕಪಾಟಿನ ವಿಷಯಕ್ಕೆ ಬರುತ್ತೇನೆ. ಆಷಾಢದ ತೇವಕ್ಕೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಟಿವಿ ಇಟ್ಟರೆ ಶಟರ್ ಬೇಕು, ಶಟರಿಗೆ ಬೀಗ, ಬೀಗಕ್ಕೆ ಒಬ್ಬ ಯಜಮಾನ. ಬೀಗ ಬೇಡುವ ಯಾವುದೂ ತಂಗುದಾಣಕ್ಕೆ ಸಲ್ಲದು ಎಂದು ನಾನು ಹಟ ಹಿಡಿದೆ. ಉಳಿದದ್ದು ದಿನಪತ್ರಿಕೆಯ ಸ್ಟ್ಯಾಂಡು, ಯಕ್ಷಗಾನದ ಪೋಸ್ಟರು ಅಂಟಿಸಲು ಒಂದು ಹಲಗೆ, ಒಂದು ಕರಿಹಲಗೆ. ಬಸ್ಸಿನ ಸಮಯ, ರೇಷನ್ ಕೊಡುವ ದಿನ, ಕರೆಂಟು ಇಲ್ಲದ ದಿನ ಅದರಲ್ಲಿ ಬರೆಯುತ್ತಾರೆ. ಸಂಜೆ ಸ್ವಸಹಾಯ ಸಂಘದವರ ಸಭೆಯೂ ಅಲ್ಲೇ.

ಗುಡಿಸುವ ಸರದಿಯನ್ನು ಸಂಘದವರು ಮತ್ತು ಯುವಕ ಮಂಡಲದವರು ಹಂಚಿಕೊಂಡಿದ್ದಾರೆ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಖರ್ಚನ್ನು ಪಂಚಾಯ್ತಿ ಹೊರಬೇಕೆಂದು ಠರಾವಿನಲ್ಲೇ ಬರೆಸಿದ್ದೇವೆ. ಗಾಲಿಕುರ್ಚಿ ಹತ್ತುವಷ್ಟು ಸಲೀಸಾದ ಇಳಿಜಾರು ಇನ್ನೂ ಆಗಿಲ್ಲ. ಚಪ್ಪಡಿಯ ಅಳತೆ ಕೊಟ್ಟಾಗಿದೆ, ಈ ಬೇಸಿಗೆಗೆ ಅದೇ ಮೊದಲ ಕೆಲಸ.