‘ಮೈಸೂರು’ ಯುದ್ಧನೌಕೆಯ ಸೇವಾಚರಿತ್ರೆ

ನಾಗನೂರಿನಿಂದ ಕಡಲು ಬಹುದೂರ. ನಮ್ಮ ಸೀಮೆಯ ರೈತಾಪಿ ಜನರಲ್ಲಿ ಹಡಗನ್ನು ಕಣ್ಣಾರೆ ಕಂಡವರು ವಿರಳ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇತಿಹಾಸವೆಂದರೆ ರಾಜರ ವಂಶಾವಳಿಯೆಂದು ತಿಳಿದು ಇಲ್ಲಿಗೆ ಬಂದವನು. ಉಕ್ಕಿನ ಹಡಗೊಂದಕ್ಕೂ ಇತಿಹಾಸವಿರುತ್ತದೆ, ಅದು ನಮ್ಮ ನಾಡಿಗೂ ಸಂಬಂಧಿಸಿರುತ್ತದೆ ಎಂಬುದು ‘ಮೈಸೂರು’ ನೌಕೆಯ ವೃತ್ತಾಂತವನ್ನು ಓದಿದ ಮೇಲೆ ಮನಗಂಡೆನು.

ಮೊದಲು ಒಂದು ಮಾತು. ಯುದ್ಧನೌಕೆಗಳಲ್ಲಿ ಹಲವು ಬಗೆ. ದಪ್ಪ ಉಕ್ಕಿನ ಕವಚವನ್ನೂ ಭಾರಿ ತೋಪುಗಳನ್ನೂ ಹೊತ್ತದ್ದು ಬ್ಯಾಟಲ್‌ಶಿಪ್. ಅದಕ್ಕಿಂತ ಹಗುರವಾಗಿ, ವೇಗವಾಗಿ ದೂರದ ಕಡಲುಗಳಲ್ಲಿ ಸಂಚರಿಸುವುದು ಕ್ರೂಸರ್. ಸ್ವತಂತ್ರ ಭಾರತದ ನೌಕಾಪಡೆಯಲ್ಲಿ ಬ್ಯಾಟಲ್‌ಶಿಪ್ ಎಂದೂ ಇರಲಿಲ್ಲ. ‘ದೆಹಲಿ’ ಮತ್ತು ‘ಮೈಸೂರು’ ಎಂಬ ಎರಡು ಕ್ರೂಸರುಗಳಿದ್ದವು. ಎರಡೂ ಬ್ರಿಟನ್ನಿನಲ್ಲಿ ಕಟ್ಟಿದವು.

‘ಮೈಸೂರು’ ನೌಕೆಯ ಮೊದಲ ಹೆಸರು ‘ನೈಜೀರಿಯಾ’. ಇಂಗ್ಲೆಂಡಿನ ಟೈನ್ ನದಿಯ ದಂಡೆಯ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯ ಹಡಗುಕಟ್ಟೆಯಲ್ಲಿ 1938ರಲ್ಲಿ ಅದರ ಕಟ್ಟಣೆ ಆರಂಭವಾಯಿತು. 1939ರ ಜುಲೈ 18ರಂದು ನೀರಿಗಿಳಿದು, 1940ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿತು. ಉದ್ದ ಸುಮಾರು 555 ಅಡಿ. ಆರು ಅಂಗುಲ ಬಾಯಿಯ 12 ತೋಪುಗಳು. ಫಿಜಿ, ಕೀನ್ಯಾ, ಜಮೈಕಾ, ಸಿಲೋನ್ ಮುಂತಾದ ಇದರ ಒಡಹುಟ್ಟಿದ ನೌಕೆಗಳಿಗೆಲ್ಲ ವಸಾಹತುಗಳ ಹೆಸರೇ. ಆಳಿಸಿಕೊಂಡ ನಾಡುಗಳ ಹೆಸರು, ಆಳುವವರ ತೋಪು!

ಎರಡನೆಯ ಮಹಾಯುದ್ಧದಲ್ಲಿ ಈ ನೌಕೆ ಬಿಡುವಿಲ್ಲದೆ ದುಡಿಯಿತು. 1941ರ ಜೂನ್ 28ರಂದು ಉತ್ತರದ ಹಿಮಸಮುದ್ರದಲ್ಲಿ, ಹವಾಮಾನದ ವರದಿ ಕಳಿಸುತ್ತಿದ್ದ ‘ಲಾವೆನ್‌ಬುರ್ಗ್’ ಎಂಬ ಜರ್ಮನ್ ಹಡಗನ್ನು ಇದೂ ಇದರ ಸಂಗಡಿಗ ನೌಕೆಗಳೂ ಹಿಡಿದವು. ಅದರಲ್ಲಿ ದೊರೆತ ಕಾಗದಪತ್ರಗಳು ಜರ್ಮನರ ‘ಎನಿಗ್ಮಾ’ ಗುಪ್ತಲಿಪಿಯನ್ನು ಬಿಡಿಸುವವರಿಗೆ ನೆರವಾದವು. 1942ರ ಆಗಸ್ಟಿನಲ್ಲಿ, ಶತ್ರುಗಳು ಸುತ್ತುವರಿದಿದ್ದ ಮಾಲ್ಟಾ ದ್ವೀಪಕ್ಕೆ ಆಹಾರ, ಎಣ್ಣೆ ಒಯ್ಯುತ್ತಿದ್ದ 14 ಸರಕು ಹಡಗುಗಳ ಬೆಂಗಾವಲಿಗೆ ಇದು ಹೊರಟಿತು. ಆ ತಿಂಗಳ 12ರ ಸಂಜೆ ‘ಆಕ್ಸುಂ’ ಎಂಬ ಇಟಲಿಯ ಜಲಾಂತರ್ಗಾಮಿ ಬಿಟ್ಟ ಟಾರ್ಪೆಡೊ ತಗುಲಿ ಹಡಗಿನ 52 ಜನ ಮಡಿದರು. ಆದರೂ ನೌಕೆ ಮುಳುಗದೆ ಜಿಬ್ರಾಲ್ಟರಿಗೆ ಮರಳಿತು. ಸರಕು ಹಡಗುಗಳಲ್ಲಿ ಮಾಲ್ಟಾ ಮುಟ್ಟಿದವು ಐದು ಮಾತ್ರ. ಅಮೆರಿಕೆಯಲ್ಲಿ ದುರಸ್ತಿಯಾದ ಬಳಿಕ 1944ರಿಂದ ಅದು ನಮ್ಮ ಹಿಂದೂ ಮಹಾಸಾಗರದಲ್ಲಿ ಜಪಾನೀಯರ ವಿರುದ್ಧ ಸೇವೆ ಸಲ್ಲಿಸಿತು.

1954ರಲ್ಲಿ ಭಾರತ ಇದನ್ನು ಕೊಂಡಿತು. ಬರ್ಕನ್‌ಹೆಡ್ ಬಂದರಿನಲ್ಲಿ ಹೊಸದಾಗಿ ಸಜ್ಜುಗೊಳಿಸುವಾಗ 12 ತೋಪುಗಳಲ್ಲಿ ಒಂಬತ್ತನ್ನೇ ಉಳಿಸಿದರು. 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಿಂದ ಭಾರತದ ಧ್ವಜವೇರಿತು. ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯದ ಅರ್ಥ ‘ಎಂದಿಗೂ ಅಂಜದು’ ಎಂದು. ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿ ಆಗ ಹತ್ತು ತಿಂಗಳು. ಹೀಗೆ ನಾಗನೂರೂ ಆ ಹಡಗೂ ಒಂದು ವರ್ಷದೊಳಗೇ ಒಂದೇ ಹೆಸರಿನಡಿ ಬಂದವು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಹಡಗಿನ ಹೆಸರು ಹಾಗೆಯೇ ಉಳಿಯಿತು.

ಇದರ ಬಾಳೆಲ್ಲ ವಿಜಯದ ಕತೆಯೇನಲ್ಲ. 1959ರಲ್ಲಿ ಸಿಂಹಳದ ಸಮೀಪ ಬ್ರಿಟನ್ನಿನ ‘ಹೋಗ್’ ಎಂಬ ನೌಕೆಗೂ ಇದಕ್ಕೂ ಡಿಕ್ಕಿಯಾಗಿ ಆ ನೌಕೆಯ ಮೂತಿ ನಜ್ಜುಗುಜ್ಜಾಯಿತು. ಆದರೆ 1961ರ ಡಿಸೆಂಬರ್ 18 ಮರೆಯಬಾರದ ದಿನ. ಗೋವೆಯ ವಿಮೋಚನೆಗಾಗಿ ‘ಮೈಸೂರು’ ಮತ್ತು ‘ತ್ರಿಶೂಲ’ ನೌಕೆಗಳು ಕಾರವಾರದೆದುರಿನ ಅಂಜದೀವ ದ್ವೀಪಕ್ಕೆ ಪಡೆಗಳನ್ನು ಇಳಿಸಿದವು. ಪೋರ್ತುಗೀಜರ ಗುಂಡಿಗೆ ನಮ್ಮ ಏಳು ಜನ ನಾವಿಕರು ಬಲಿಯಾದರು, ದ್ವೀಪ ಕೈವಶವಾಯಿತು. ಇಂದು ಅದು ಕಾರವಾರದ ‘ಕದಂಬ’ ನೌಕಾನೆಲೆಗೆ ಸೇರಿದೆ. 1971ರ ಯುದ್ಧದಲ್ಲಿ ‘ಮೈಸೂರು’ ಪಶ್ಚಿಮ ನೌಕಾದಳದ ಮುಖ್ಯ ನೌಕೆಯಾಗಿತ್ತು. ಕೊನೆಗೆ ತರುಣರಿಗೆ ತರಬೇತಿ ಕೊಡುತ್ತ, 1985ರಲ್ಲಿ ನಿವೃತ್ತವಾಯಿತು.

ಪರರು ಬಳಸಿಬಿಟ್ಟ ಹಳೆಯ ಹಡಗಿನಲ್ಲಿ ನಮಗೇನು ಹೆಮ್ಮೆ ಎಂದು ಕೆಲವರು ಕೇಳಬಹುದು. ಕೊಂಡು ತಂದ ನೇಗಿಲೆಂದು ಹೊಲ ಬೆಳೆಯದೆ ಇರುವುದೆ? ಉಪಕರಣದ ಯೋಗ್ಯತೆ ಅದನ್ನು ಹಿಡಿದ ಕೈಯಲ್ಲಿದೆ, ಮಾಡಿದ ಕೆಲಸದಲ್ಲಿದೆ. ಸಾಮ್ರಾಜ್ಯ ಕಾಯಲೆಂದು ಕಟ್ಟಿ, ವಸಾಹತಿನ ಹೆಸರಿಟ್ಟ ನೌಕೆಯೇ ಭಾರತದ ನೆಲದಲ್ಲುಳಿದಿದ್ದ ಕೊನೆಯ ಪರಕೀಯ ಧ್ವಜವನ್ನು ಇಳಿಸಲು ನೆರವಾಯಿತು. ಇದಕ್ಕಿಂತ ಅರ್ಥಪೂರ್ಣವಾದ ಮರುಹುಟ್ಟು ಯಾವುದು? ಹಳೆಯ ಪುಸ್ತಕ ಕೊಂಡು ಓದಿ ಪದವಿಯ ಹೊಸ್ತಿಲಿಗೆ ಬಂದ ನಮ್ಮಂಥವರಿಗೆ ಈ ಮಾತು ಬೇಗ ತಿಳಿಯುತ್ತದೆ.

ಅಂತೆಯೇ ಕೊಳ್ಳುವುದರಲ್ಲಿಯೇ ನಿಂತರೂ ಸಾಲದು. 1999ರಲ್ಲಿ ಸೇವೆಗೆ ಸೇರಿದ ಎರಡನೆಯ ‘ಮೈಸೂರು’ ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಮ್ಮವರೇ ಕಟ್ಟಿದ ನೌಕೆ. ಮೊದಲನೆಯದರಲ್ಲಿ ನಡೆಸುವುದನ್ನು ಕಲಿತ ನಾಡು, ಎರಡನೆಯದನ್ನು ತಾನೇ ಕಟ್ಟಿಕೊಂಡಿತು. ವಿದ್ಯಾರ್ಥಿ ಮಿತ್ರರೆ, ಕಲಿಕೆಯ ಹಾದಿ ಇದೇ ಅಲ್ಲವೆ?