ಶಹಾಬಾದ್ ಕ್ಷೇತ್ರ ಎಲ್ಲಿ ಹೋಯಿತು?

ನಮ್ಮ ತರಗತಿಯಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಕಡೆಯವರಿದ್ದೇವೆ. ಇವುಗಳಲ್ಲಿ ಎಷ್ಟು ಊರುಗಳ ಹೆಸರಿನಲ್ಲಿ ವಿಧಾನಸಭಾ ಕ್ಷೇತ್ರಗಳಿವೆ ಎಂದು ಕೇಳಿದರೆ ಬಹಳ ಜನ ನಾಲ್ಕು ಎನ್ನುತ್ತಾರೆ. ಸರಿಯಾದ ಉತ್ತರ ಮೂರು: ಸೇಡಂ, ಚಿತ್ತಾಪುರ, ಚಿಂಚೋಳಿ. ವಾಡಿ ಚಿತ್ತಾಪುರ ಕ್ಷೇತ್ರದೊಳಗೆ ಬರುತ್ತದೆ. ಶಹಾಬಾದ್ ಹೆಸರಿನ ಕ್ಷೇತ್ರ ಮೊದಲು ಇತ್ತು, 2008ರಿಂದ ಇಲ್ಲ. ಶಹಾಬಾದ್ ಪಟ್ಟಣದವರು ಈಗ ಗುಲಬರ್ಗಾ ಗ್ರಾಮೀಣ ಕ್ಷೇತ್ರದ ಮತದಾರರು. ಪಟ್ಟಣದಲ್ಲೇ ಹುಟ್ಟಿ ಬೆಳೆದವರು 'ಗ್ರಾಮೀಣ' ಎಂದು ಬರೆದ ಕ್ಷೇತ್ರದಲ್ಲಿ ಮತ ಹಾಕುತ್ತಾರೆ.

ನಮ್ಮ ಮನೆಯಲ್ಲಿ ಮತಕ್ಷೇತ್ರಕ್ಕೆ 'ಹಲ್ಖಾ' ಎನ್ನುತ್ತೇವೆ. (ಕನ್ನಡದ ಗೆಳೆಯರು ನಗಬಾರದು, ಇದು ಬೈಗುಳವಲ್ಲ.) ಉರ್ದುವಿನಲ್ಲಿ ಹಲ್ಖಾ ಎಂದರೆ ಸುತ್ತು, ಬಳೆಯಂಥ ಗೆರೆ. ಕನ್ನಡದ 'ಕ್ಷೇತ್ರ' ಎಂಬ ಪದ ಕೇಳಿದರೆ ನೆಲ ನೆನಪಾಗುತ್ತದೆ. ನೆಲ ಇದ್ದಲ್ಲೇ ಇರುತ್ತದೆ, ಗೆರೆಯನ್ನು ಅಳಿಸಿ ಮತ್ತೆ ಎಳೆಯಬಹುದು. ಚುನಾವಣೆಯ ಇತಿಹಾಸ ಓದುವಾಗ ಹಲ್ಖಾ ಎಂಬ ಪದವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗನ್ನಿಸುತ್ತದೆ.

ಮೊದಲ ದೊಡ್ಡ ಗೆರೆ ರಾಜ್ಯದ್ದೇ. 1952ರ ಮೊದಲ ಚುನಾವಣೆಯಲ್ಲಿ ನಮ್ಮ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಇಲ್ಲಿನ ಶಾಸಕರು ಹೈದರಾಬಾದಿಗೆ ಹೋಗುತ್ತಿದ್ದರು. ಗುಲಬರ್ಗಾದಿಂದ ಲೋಕಸಭೆಗೆ ಸ್ವಾಮಿ ರಮಾನಂದ ತೀರ್ಥರು ಆಯ್ಕೆಯಾದರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1957ರಲ್ಲಿ ಚಿಂಚೋಳಿಯಿಂದ ಗೆದ್ದ ವೀರೇಂದ್ರ ಪಾಟೀಲರು ಮುಂದೆ ಎರಡು ಸಲ ಮುಖ್ಯಮಂತ್ರಿಯಾದರು: 1968ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರೂ ಇವರೇ. 1989ರ ಚುನಾವಣೆಗೆ ಇನ್ನೊಂದು ವಿಶೇಷವಿದೆ. ಅಲ್ಲಿಯವರೆಗೆ ಮತದಾನದ ವಯಸ್ಸು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ ಅದು 18 ಆದ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆ ಅದು. ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರನ್ನೂ ಇಲ್ಲಿ ನೆನೆಯಬೇಕು. ನಾವು ಸಿಇಟಿಗೆ ಹೊಂದಿಸಿಕೊಳ್ಳುವ 371(ಜೆ) ಪ್ರಮಾಣಪತ್ರದ ಹಿಂದೆ ಅವರ ದೀರ್ಘ ಹೋರಾಟವಿದೆ.

ಎರಡನೆಯ ದೊಡ್ಡ ಗೆರೆ 2008ರ ಕ್ಷೇತ್ರ ಪುನರ್ವಿಂಗಡಣೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಗಡಿಗಳನ್ನು ಹೊಸದಾಗಿ ಎಳೆಯಿತು. ಆ ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲಿ, 2008ರ ಮೇ ತಿಂಗಳಲ್ಲಿ. ರಾಜ್ಯದ ಒಟ್ಟು ಸ್ಥಾನ 224 ಹಾಗೆಯೇ ಉಳಿಯಿತು. ಹಾಗಾಗಿ ಒಂದು ಕಡೆ ಕ್ಷೇತ್ರ ಹುಟ್ಟಬೇಕಾದರೆ ಇನ್ನೊಂದು ಕಡೆ ಒಂದು ಹೋಗಲೇಬೇಕು. ನಮ್ಮ ಜಿಲ್ಲೆಯಲ್ಲಿ ಗುಲಬರ್ಗಾ, ಶಹಾಬಾದ್, ಕಮಲಾಪುರ ಎಂಬ ಮೂರು ಹೆಸರು ಹೋದವು. ಗುಲಬರ್ಗಾ ಉತ್ತರ, ಗುಲಬರ್ಗಾ ದಕ್ಷಿಣ, ಗುಲಬರ್ಗಾ ಗ್ರಾಮೀಣ ಎಂಬ ಮೂರು ಬಂದವು. ಡೆಬಿಟ್ ಮೂರು, ಕ್ರೆಡಿಟ್ ಮೂರು, ಟ್ರಯಲ್ ಬ್ಯಾಲೆನ್ಸ್ ಸರಿಹೋಯಿತು. ಆದರೆ ಟ್ರಯಲ್ ಬ್ಯಾಲೆನ್ಸ್ ಸರಿಹೋದ ಮಾತ್ರಕ್ಕೆ ಲೆಕ್ಕ ಪೂರ್ತಿ ಸರಿ ಎಂದಲ್ಲ ಎಂಬುದನ್ನು ಕಾಮರ್ಸ್‌ನವರಿಗೆ ಬೇರೆ ಹೇಳಬೇಕಿಲ್ಲ. ನಗರ ಬೆಳೆದಿತ್ತು, ಅದಕ್ಕೆ ಎರಡು ಸ್ಥಾನ ಸಿಕ್ಕಿದ್ದು ನ್ಯಾಯವೇ. ಕಾರ್ಖಾನೆ ಮತ್ತು ಕಲ್ಲುಗಣಿಯ ದುಡಿಯುವ ಜನರ ಊರಾದ ಶಹಾಬಾದ್ ತನ್ನದೇ ಹೆಸರಿನ ಸ್ಥಾನ ಕಳೆದುಕೊಂಡಿತು. ಕಮ್ಯುನಿಸ್ಟ್ ಕಾರ್ಮಿಕ ನಾಯಕರಾಗಿ ಬೆಳೆದ ಕೆ.ಬಿ. ಶಾಣಪ್ಪ ಈ ಊರಿನಿಂದ ವಿಧಾನಸಭೆಗೆ ಹೋದವರು. ಮುಂದೆ ಅವರು ಬಿಜೆಪಿಯಿಂದ ರಾಜ್ಯಸಭೆಗೂ ಹೋದರು. ಹತ್ತು ವರ್ಷಗಳ ನಂತರ ಶಹಾಬಾದ್ ತಾಲೂಕು ಕೇಂದ್ರವಾಯಿತು. ತಹಶೀಲ್ದಾರರು ಬಂದರು, ಕ್ಷೇತ್ರ ಮರಳಿ ಬರಲಿಲ್ಲ.

ಮೀಸಲಾತಿಯೂ ಗೆರೆಯ ಜೊತೆಗೇ ಸರಿಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಗುರುಮಠಕಲ್ ಸಾಮಾನ್ಯವಾಯಿತು, ಸಾಮಾನ್ಯವಾಗಿದ್ದ ಚಿತ್ತಾಪುರ ಮತ್ತು ಚಿಂಚೋಳಿ ಮೀಸಲಾದವು. ಪರಿಣಾಮ ನೋಡಿ. 1972ರಿಂದ ಗುರುಮಠಕಲ್‌ನಲ್ಲಿ ಗೆಲ್ಲುತ್ತ ಬಂದಿದ್ದ ಮಲ್ಲಿಕಾರ್ಜುನ ಖರ್ಗೆಯವರು ಚಿತ್ತಾಪುರಕ್ಕೆ ಬಂದು 2008ರಲ್ಲಿ ಗೆದ್ದರು. ಮೊದಲು ಚಿತ್ತಾಪುರದ ಶಾಸಕರಾಗಿದ್ದ ಬಾಬುರಾವ್ ಚಿಂಚನಸೂರ ಗುರುಮಠಕಲ್‌ಗೆ ಹೋಗಿ ಅಲ್ಲಿ ಗೆದ್ದರು. ಇಬ್ಬರೂ ಮನೆ ಬದಲಿಸಿಕೊಂಡ ಹಾಗಾಯಿತು.

ಆದ್ದರಿಂದ 2004ರ ಚಿತ್ತಾಪುರವನ್ನು 2008ರ ಚಿತ್ತಾಪುರದ ಪಕ್ಕದಲ್ಲಿಟ್ಟು 'ಇಷ್ಟು ಮತ ಏರಿತು, ಇಷ್ಟು ಇಳಿಯಿತು' ಎಂದು ಹೇಳುವುದು ತಪ್ಪಾಗುತ್ತದೆ. ಹೆಸರು ಒಂದೇ, ಮತದಾರರು ಅವರೇ ಅಲ್ಲ. ಹೋಲಿಕೆ ಮಾಡುವುದಿದ್ದರೆ 2008ರಿಂದಲೇ ಹೊಸ ಖಾತೆ ತೆರೆಯಬೇಕು. ಹಾಗೆ ತೆರೆದರೆ ಚಿತ್ತಾಪುರ ಕುತೂಹಲ ಹುಟ್ಟಿಸುತ್ತದೆ. ಖರ್ಗೆಯವರು 2009ರಲ್ಲಿ ಲೋಕಸಭೆಗೆ ಹೋದ ಮೇಲೆ ನಡೆದ ಉಪಚುನಾವಣೆಯಲ್ಲಿ ಬಿಜೆಪಿಯ ವಾಲ್ಮೀಕಿ ನಾಯಕ ಗೆದ್ದರು, ಪ್ರಿಯಾಂಕ್ ಖರ್ಗೆ ಸೋತರು. 2013ರಲ್ಲಿ ಪ್ರಿಯಾಂಕ್ ಅವರೇ ಗೆದ್ದರು. 2018ರಲ್ಲಿ ಮತ್ತೆ ಗೆದ್ದರೂ ಅಂತರ 4,393ಕ್ಕೆ ಇಳಿಯಿತು. 2023ರಲ್ಲಿ ಅದು 13,640. ಸೇಡಂನಲ್ಲಿ 2018ರಲ್ಲಿ ರಾಜಕುಮಾರ ಪಾಟೀಲ ತೇಲ್ಕೂರ ಅವರೆದುರು ಸೋತಿದ್ದ ಡಾ. ಶರಣಪ್ರಕಾಶ ಪಾಟೀಲರು 2023ರಲ್ಲಿ ಅವರನ್ನೇ 43 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ಚಿಂಚೋಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಜಿಲ್ಲೆ ಕಲಬುರಗಿ, ಆದರೆ ಚಿಂಚೋಳಿಯವರು ಲೋಕಸಭೆಗೆ ಮತ ಹಾಕುವುದು ಬೀದರ ಕ್ಷೇತ್ರದಲ್ಲಿ. 2013 ಮತ್ತು 2018ರಲ್ಲಿ ಇಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಡಾ. ಉಮೇಶ ಜಾಧವ 2019ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ ಗುಲಬರ್ಗಾ ಲೋಕಸಭೆಗೆ ನಿಂತರು. ಅವರನ್ನು ಶಾಸಕರನ್ನಾಗಿ ಮಾಡಿದ ಚಿಂಚೋಳಿಯವರಿಗೆ ಆ ಚುನಾವಣೆಯಲ್ಲಿ ಅವರ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಮತ ಹಾಕುವ ಅವಕಾಶವೇ ಇರಲಿಲ್ಲ. ಖರ್ಗೆಯವರನ್ನು ಅವರು 95,452 ಮತಗಳಿಂದ ಸೋಲಿಸಿದರು. ಖಾಲಿಯಾದ ಚಿಂಚೋಳಿಯಲ್ಲಿ ಮೇ 19ರಂದು ಉಪಚುನಾವಣೆ ನಡೆದು ಅವರ ಮಗ ಅವಿನಾಶ ಜಾಧವ ಗೆದ್ದರು. 2023ರಲ್ಲಿ ಅವಿನಾಶ ಮತ್ತೆ ಗೆದ್ದರು, ಆಗಿನ ಅಂತರ 858. ಒಂದು ಕಾಲೇಜಿನ ವಿದ್ಯಾರ್ಥಿಗಳಷ್ಟು ಮತ.

ಇಷ್ಟು ಕಡಿಮೆ ಅಂತರ ಕಂಡಾಗ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಈಗ ಪಿಯುಸಿಯಲ್ಲಿರುವ ನಮಗೆಲ್ಲ ಅಷ್ಟರೊಳಗೆ 18 ತುಂಬಿರುತ್ತದೆ. 17 ತುಂಬಿದವರು ಈಗಲೇ ನಮೂನೆ 6 ತುಂಬಿ ಮುಂಗಡವಾಗಿ ಅರ್ಜಿ ಕೊಡಬಹುದು. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ಚಿಂಚೋಳಿ ಕಡೆಯಿಂದ ಬಂದು ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಇರುವವರು ಹೆಸರು ಒಂದೇ ಕಡೆ ಇರಬೇಕು ಎಂಬುದನ್ನು ಗಮನಿಸಬೇಕು.

ಮೂರನೆಯ ಗೆರೆಯೂ ಬಾಕಿಯಿದೆ. ಸಂವಿಧಾನದ 84ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆದಿಟ್ಟಿದೆ. ಪುನರ್ವಿಂಗಡಣೆ ಆಯೋಗ ಕರಡು ಪ್ರಕಟಿಸಿದಾಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆಗಳನ್ನು ಕರೆಯುತ್ತದೆ. ಅದನ್ನು ಯಾರು ಬೇಕಾದರೂ ಬರೆದು ಕೊಡಬಹುದು. ಶಹಾಬಾದಿನ ಬಗ್ಗೆ ಒಂದು ಸಲಹೆಯನ್ನು ನಾನಂತೂ ಕಳಿಸುತ್ತೇನೆ.